ಬಿ.ಎ. ಓದುತ್ತಾ ಐಟಿ ಕಡೆ ನೋಡುತ್ತಿರುವವರಿಗೆ

ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬಿ.ಎ. ಓದುತ್ತಿರುವ ತಮ್ಮಂದಿರೇ, ತಂಗಿಯರೇ,

ಆರನೇ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಮೆಸೇಜುಗಳು ಬರತೊಡಗುತ್ತವೆ. ‘ಸರ್, ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಮಾಡಿದ್ದೀನಿ, ಐಟಿ ಕಂಪನೀಲಿ ಕೆಲಸ ಸಿಗುತ್ತಾ?’ ‘ಅಣ್ಣಾ, ಬಿ.ಎ. ಬಿಟ್ಟು ಬಿಸಿಎಗೆ ಸೇರ್ಕೊಳ್ಳಲಾ?’ ‘ಪೈಥಾನ್ ಕೋರ್ಸಿಗೆ ದುಡ್ಡು ಕಟ್ಟಬಹುದಾ?’ ನಾನೂ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದಿ ಬಂದವನು. ಈಗ ಬೆಂಗಳೂರಿನಲ್ಲಿ ಮೊಬೈಲ್ ಆ್ಯಪ್‌ಗಳ ಕನ್ನಡ ಬರಹ ನೋಡಿಕೊಳ್ಳುತ್ತೇನೆ, ಅವು ಬಳಸುವವರಿಗೆ ಅರ್ಥವಾಗುತ್ತಿವೆಯೇ ಎಂದು ಊರೂರಿಗೆ ಹೋಗಿ ಪರೀಕ್ಷಿಸುತ್ತೇನೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿದರೆ ಅರ್ಧ ಮಾತು ಉಳಿದೇಹೋಗುತ್ತದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಈ ಪತ್ರ.

ಕೆಲಸ ಸಿಗುತ್ತದೆ. ಆದರೆ ಅದಕ್ಕಾಗಿ ನಿಮ್ಮ ವಿಷಯವನ್ನು ಬಿಟ್ಟು ಓಡಬೇಡಿ. ಅದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು, ಅದರ ಮೇಲೆ ಒಂದು ತಾಂತ್ರಿಕ ವಿದ್ಯೆಯನ್ನು ಕಟ್ಟಿಕೊಳ್ಳಿ. ನಾನು ಹೇಳಬೇಕಾದದ್ದು ಇಷ್ಟೇ. ಮುಂದಿನದೆಲ್ಲ ಅದು ಯಾಕೆ, ಹೇಗೆ ಎನ್ನುವುದರ ವಿವರ.

ಸೈನ್ಸ್ ಸಿಗದವರು ಕಾಮರ್ಸಿಗೆ, ಅದೂ ಸಿಗದವರು ಆರ್ಟ್ಸಿಗೆ ಎಂಬ ಮಾತನ್ನು ಕೇಳಿಕೊಂಡೇ ನೀವು ಬೆಳೆದಿದ್ದೀರಿ. ಮನೆಗೆ ಬಂದ ನೆಂಟರು ‘ಬಿ.ಎ. ಆದ್ಮೇಲೆ ಏನ್ ಮಾಡ್ತೀಯಪ್ಪಾ’ ಎಂದು ಕೇಳುವ ದನಿಯಲ್ಲೇ ಉತ್ತರವೂ ಇರುತ್ತದೆ. ಹೀಗೆ ಕೇಳಿಸಿಕೊಂಡವರು ಐಟಿ ಎಂದಕೂಡಲೇ ತಮ್ಮ ಓದನ್ನು ಬಚ್ಚಿಡಲು ನೋಡುತ್ತಾರೆ. ನನ್ನ ಕೈಗೆ ಬರುವ ರೆಸ್ಯೂಮೆಗಳಲ್ಲಿ ಬಿ.ಎ. ಎಂಬುದು ಎಲ್ಲೋ ಕೊನೆಯಲ್ಲಿರುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ ಎರಡು ತಿಂಗಳ ಕೋರ್ಸಿನ ಹೆಸರು. ಆ ಕೋರ್ಸನ್ನು ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವರೂ ಮಾಡಿರುತ್ತಾರೆ. ಅಲ್ಲಿ ಅವರೊಡನೆ ಪೈಪೋಟಿಗಿಳಿದರೆ ನಿಮಗೆ ಉಳಿಯುವುದು ಕೊನೆಯ ಜಾಗವೇ.

ನಿಮಗೆ ಗೊತ್ತಿದ್ದು ಅವರಿಗೆ ಗೊತ್ತಿಲ್ಲದ್ದು ಏನು? ಪಹಣಿಯನ್ನೇ ತೆಗೆದುಕೊಳ್ಳಿ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಗ್ರಾಮ ಲೆಕ್ಕಿಗರ ಕೈಬರಹಕ್ಕಾಗಿ ಅಲೆಯುತ್ತಿದ್ದವರಿಗೆ ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿಗೆ ಅಚ್ಚಾದ ಪಹಣಿ ಸಿಗತೊಡಗಿತು. ಆ ಹಾಳೆಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವರ ಹೆಸರು. ಪ್ರೋಗ್ರಾಮಿಂಗ್ ಮಾತ್ರ ಗೊತ್ತಿರುವವರಿಗೆ ಅವೆರಡೂ ಹೆಸರು ತುಂಬುವ ಖಾನೆಗಳು, ಅಷ್ಟೇ. ಎಷ್ಟೋ ಕಡೆ ಎರಡರಲ್ಲೂ ಒಂದೇ ಹೆಸರಿರುವುದರಿಂದ ಒಂದನ್ನು ತೆಗೆದುಬಿಡೋಣ ಅಂತಲೂ ಅನ್ನಿಸಬಹುದು.

ಇತಿಹಾಸ, ರಾಜ್ಯಶಾಸ್ತ್ರ ಓದಿದ ನಿಮಗೆ ಹಾಗೆ ಅನ್ನಿಸಕೂಡದು. 1974ರ ಭೂಸುಧಾರಣಾ ತಿದ್ದುಪಡಿಯ ಪಾಠವನ್ನು ನೀವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೀರಿ. ದೇವರಾಜ ಅರಸರ ಕಾಲದಲ್ಲಿ ಗೇಣಿದಾರರು ನಮೂನೆ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತಾಗ, ಸಾಗುವಳಿಯ ಕಾಲಂನಲ್ಲಿ ತಮ್ಮ ಹೆಸರು ಇದೆ ಎಂಬುದು ಅವರ ಕೈಯಲ್ಲಿದ್ದ ದೊಡ್ಡ ಪುರಾವೆ. ಬಾಯಿಮಾತಿನ ಗೇಣಿಯಲ್ಲಿ ಉಳುತ್ತಿದ್ದವರಿಗೆ ಆ ಪುರಾವೆಯಿಲ್ಲದೆ ಹೋದದ್ದೇ ಕಷ್ಟವಾಯಿತು. ಒಂದು ಖಾನೆಯಲ್ಲಿ ಒಂದು ತಲೆಮಾರಿನ ಬದುಕೇ ಇದೆ ಎಂಬುದನ್ನು ತಂತ್ರಾಂಶ ಕಟ್ಟುವ ಕೋಣೆಯಲ್ಲಿ ಯಾರಾದರೂ ಎದ್ದುನಿಂತು ಹೇಳಬೇಕು. ಅದನ್ನು ಹೇಳಬಲ್ಲವರು ನೀವು. ಆದರೆ ಒಂದು ಷರತ್ತಿದೆ. ಡೇಟಾಬೇಸ್ ಎಂದರೇನು, ಖಾನೆ ತೆಗೆದರೆ ಹಳೆಯ ದಾಖಲೆ ಏನಾಗುತ್ತದೆ ಎಂಬುದು ನಿಮಗೂ ಗೊತ್ತಿರಬೇಕು. ಇಲ್ಲದಿದ್ದರೆ ನಿಮ್ಮ ಮಾತನ್ನು ಆ ಕೋಣೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಸಮಾಜಶಾಸ್ತ್ರದವರಿಗೆ ಇನ್ನೊಂದು. ನಮ್ಮಲ್ಲಿ ಬಳಸುವ ಅರ್ಜಿ ನಮೂನೆಗಳಲ್ಲಿ ‘ಸರ್‌ನೇಮ್’ ತುಂಬದೆ ಮುಂದೆ ಹೋಗಲು ಬಿಡದವು ಈಗಲೂ ಎಷ್ಟೋ ಇವೆ. ಧಾರವಾಡ, ವಿಜಯಪುರದ ಕಡೆಯವರಿಗೆ ತೊಂದರೆಯಿಲ್ಲ, ಪಾಟೀಲ, ಹಿರೇಮಠ ಎಂದು ಅಡ್ಡಹೆಸರು ಇದ್ದೇ ಇರುತ್ತದೆ. ಹಳೇ ಮೈಸೂರು ಸೀಮೆಯ ಹೆಣ್ಣುಮಗಳು ಅಲ್ಲಿ ಏನು ಬರೆಯಬೇಕು? ಅವಳಿಗಿರುವುದು ಒಂದು ಹೆಸರು, ಊರಿನದೋ ತಂದೆಯದೋ ಇನಿಷಿಯಲ್. ಒಬ್ಬರು ಇನಿಷಿಯಲ್ ಬರೆಯುತ್ತಾರೆ, ಇನ್ನೊಬ್ಬರು ತಂದೆಯ ಹೆಸರು, ಮತ್ತೊಬ್ಬರು ಬರೀ ಒಂದು ಚುಕ್ಕಿ. ಆಮೇಲೆ ಆಧಾರಿನ ಹೆಸರಿಗೂ ಬ್ಯಾಂಕಿನ ಹೆಸರಿಗೂ ತಾಳೆಯಾಗದೆ ಸ್ಕಾಲರ್‌ಶಿಪ್ ನಿಂತುಹೋಗುತ್ತದೆ. ನಿಮ್ಮ ತರಗತಿಯಲ್ಲೇ ಇದನ್ನು ಅನುಭವಿಸಿದವರು ಸಿಗುತ್ತಾರೆ, ಕೇಳಿ ನೋಡಿ. ಇದಕ್ಕೆ ಯಂತ್ರವನ್ನು ದೂರಿ ಫಲವಿಲ್ಲ. ಕರ್ನಾಟಕದಲ್ಲಿ ಜನ ಹೆಸರನ್ನು ಹೇಗೆ ಇಟ್ಟುಕೊಳ್ಳುತ್ತಾರೆ ಎಂದು ಯಾರೂ ವಿಚಾರಿಸದೆ ಆ ನಮೂನೆಯನ್ನು ಮಾಡಿದ್ದಾರೆ. ಬಳಕೆದಾರರ ಅಧ್ಯಯನ ಎಂಬ ಹೆಸರಿನಲ್ಲಿ ಕಂಪನಿಗಳು ದುಡ್ಡು ಕೊಟ್ಟು ಮಾಡಿಸುವ ಕೆಲಸ ಇದೇ. ಕ್ಷೇತ್ರಕಾರ್ಯ, ಸಂದರ್ಶನ, ಪ್ರಶ್ನಾವಳಿ ಎಂದು ನಿಮ್ಮ ಸಿಲೆಬಸ್ಸಿನಲ್ಲಿ ಇರುವುದೂ ಇದೇ.

ಈಗ ಕನ್ನಡ ಐಚ್ಛಿಕ ಓದುತ್ತಿರುವವರ ಹತ್ತಿರ ಬರುತ್ತೇನೆ. ನಿಮ್ಮ ಬಗ್ಗೆ ನನಗೆ ಹೆಚ್ಚು ಕಳಕಳಿ, ಯಾಕೆಂದರೆ ಎಲ್ಲರಿಗಿಂತ ಹೆಚ್ಚು ಹಿಂಜರಿಯುವವರು ನೀವೇ.

ಪೈಥಾನಿಗೆ ‘ಕನ್ನಡ’ ಎಂಬ ಪದ ಕೊಟ್ಟು ಎಷ್ಟು ಅಕ್ಷರ ಎಂದು ಕೇಳಿದರೆ 5 ಎನ್ನುತ್ತದೆ. ನಮ್ಮ ಲೆಕ್ಕಕ್ಕೆ ಕ, ನ್ನ, ಡ ಎಂದು ಮೂರೇ. ಯುನಿಕೋಡಿನಲ್ಲಿ ಒತ್ತಕ್ಷರ ಒಂದೇ ಘಟಕವಾಗಿ ಕೂರುವುದಿಲ್ಲ. ಮೂಲಾಕ್ಷರ, ಹಲಂತದ ಗುರುತು, ಮತ್ತೆ ಮೂಲಾಕ್ಷರ ಎಂದು ಬಿಡಿಬಿಡಿಯಾಗಿ ಇರುತ್ತದೆ. ಇದು ಗೊತ್ತಿಲ್ಲದವರು ಉದ್ದದ ಸಾಲನ್ನು ಕತ್ತರಿಸುವ ಪ್ರೋಗ್ರಾಂ ಬರೆದರೆ ಪದ ಒತ್ತಕ್ಷರದ ನಡುವೆಯೇ ತುಂಡಾಗಿ, ತೆರೆಯ ಮೇಲೆ ‘ಕನ್’ ಎಂದು ನಿಂತಿರುತ್ತದೆ. ಗುಣಿತಾಕ್ಷರ, ಸಂಯುಕ್ತಾಕ್ಷರ ಎಂದು ಹೈಸ್ಕೂಲಿನಿಂದ ಓದಿಕೊಂಡು ಬಂದ ನಿಮಗೆ ಇದನ್ನು ವಿವರಿಸಲು ಹತ್ತು ನಿಮಿಷ ಸಾಕು.

ಇನ್ನೂ ಸ್ವಲ್ಪ ಒಳಗೆ ಹೋಗೋಣ. ಹುಡುಕಾಟದ ಯಂತ್ರಕ್ಕೆ ಮನೆಗೆ, ಮನೆಯಲ್ಲಿ, ಮನೆಯಿಂದ ಎಲ್ಲವೂ ‘ಮನೆ’ಯೇ ಎಂದು ತಿಳಿಸಬೇಕು. ಅದಕ್ಕೆ ವಿಭಕ್ತಿ ಪ್ರತ್ಯಯ ಕಳಚುವ ಒಂದು ನಿಯಮ ಬರೆಯುತ್ತೀರಿ: ಪದದ ಕೊನೆಯಲ್ಲಿ ‘ಗೆ’ ಇದ್ದರೆ ತೆಗೆ. ಮನೆಗೆ, ಕೆರೆಗೆ, ಶಾಲೆಗೆ ಎಂಬಲ್ಲಿ ಚೆನ್ನಾಗಿ ನಡೆಯುತ್ತದೆ. ಮುಂದಿನ ಸಾಲಿನಲ್ಲಿ ಮಲ್ಲಿಗೆ ಬರುತ್ತದೆ. ಯಂತ್ರ ಅದನ್ನು ಮಲ್ಲಿ ಎಂಬ ಹುಡುಗಿಗೆ ಕೊಟ್ಟದ್ದು ಎಂದುಕೊಳ್ಳುತ್ತದೆ. ಸಂಪಿಗೆಯ ಬಾಲವೂ ಹೋಳಿಗೆಯ ಬಾಲವೂ ಹೀಗೇ ತುಂಡಾಗುತ್ತವೆ. ಹಾಗಾದರೆ ಅಪವಾದಗಳ ಪಟ್ಟಿ ಮಾಡಬೇಕು, ನಾಮಪ್ರಕೃತಿ ಯಾವುದು ಎಂದು ಮೊದಲು ತಿಳಿಯಬೇಕು, ಸಂಧಿಯಲ್ಲಿ ಆಗಮವಾದ ಯಕಾರ ವಕಾರಗಳನ್ನು ಬಿಡಿಸಬೇಕು. ಇದಿಷ್ಟೂ ನಿಮ್ಮ ವ್ಯಾಕರಣದ ಪುಸ್ತಕದಲ್ಲಿದೆ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಮೊದಲು ಸೂತ್ರ ಹೇಳುತ್ತಾನೆ, ಅದಕ್ಕೆ ವೃತ್ತಿ ಬರೆಯುತ್ತಾನೆ, ಆಮೇಲೆ ಪ್ರಯೋಗಗಳನ್ನು ಕೊಡುತ್ತಾನೆ. ಒಳ್ಳೆಯ ಪ್ರೋಗ್ರಾಮರ್ ಕೂಡ ನಿಯಮ ಬರೆದು, ಅದರ ವಿವರಣೆ ಬರೆದು, ಅದು ಸರಿಯಾಗಿ ಓಡುತ್ತದೆಯೇ ಎಂದು ಉದಾಹರಣೆಗಳನ್ನು ಹಾಕಿ ಪರೀಕ್ಷಿಸುತ್ತಾನೆ. ಸೂತ್ರ, ವೃತ್ತಿ, ಪ್ರಯೋಗ ಎಂದು ಓದಿದವರಿಗೆ ಆ ಶಿಸ್ತು ಹೊಸದಲ್ಲ.

ಭಾಷೆಯ ಓದಿನಿಂದ ತಂತ್ರಜ್ಞಾನಕ್ಕೆ ಬಂದವರ ಪೈಕಿ ನಾನು ಮೊದಲು ಹೆಸರಿಸುವುದು ಲ್ಯಾರಿ ವಾಲ್ ಅವರನ್ನು. ಅಮೆರಿಕದ ಬರ್ಕ್ಲಿಯಲ್ಲಿ ಭಾಷಾವಿಜ್ಞಾನ ಓದುತ್ತಿದ್ದಾಗ ಅವರ ಆಸೆ, ಲಿಪಿಯಿಲ್ಲದ ಯಾವುದಾದರೂ ಭಾಷೆಯನ್ನು ಹುಡುಕಿ ಅದಕ್ಕೆ ಬರಹದ ವ್ಯವಸ್ಥೆ ರೂಪಿಸುವುದಾಗಿತ್ತು. ಆರೋಗ್ಯದ ಕಾರಣಕ್ಕೆ ಆ ಯೋಜನೆ ಬಿಟ್ಟು ಬೇರೆ ಕೆಲಸಕ್ಕೆ ಸೇರಿದರು. 1987ರಲ್ಲಿ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹೊರತಂದರು. ಅದರಲ್ಲಿ ಒಂದೇ ಮೌಲ್ಯಕ್ಕೆ ಡಾಲರ್ ಗುರುತು, ಹಲವು ಮೌಲ್ಯಗಳಿಗೆ ಅಟ್ ಗುರುತು. ಏಕವಚನ, ಬಹುವಚನ! ಭಾಷಾವಿಜ್ಞಾನ ಓದಿದವರು ಮಾಡಿದ ಪ್ರೋಗ್ರಾಮಿಂಗ್ ಭಾಷೆ ಎಂಬುದು ಅದರ ಮೈಮೇಲೆಯೇ ಕಾಣುತ್ತದೆ.

ಭಾಷಣಗಳಲ್ಲಿ ನಿಮಗೆ ಇನ್ನೂ ದೊಡ್ಡ ಹೆಸರುಗಳನ್ನು ಹೇಳುತ್ತಾರೆ. ಯೂಟ್ಯೂಬಿನ ಮುಖ್ಯಸ್ಥೆಯಾಗಿದ್ದ ಸೂಸನ್ ವೊಜಿಸ್ಕಿ ಓದಿದ್ದು ಇತಿಹಾಸ ಮತ್ತು ಸಾಹಿತ್ಯ. ಕಚೇರಿಗಳು ಬಳಸುವ ಸಂದೇಶ ಆ್ಯಪ್ ಸ್ಲ್ಯಾಕ್ ಕಟ್ಟಿದ ಸ್ಟುವರ್ಟ್ ಬಟರ್‌ಫೀಲ್ಡ್ ತತ್ತ್ವಶಾಸ್ತ್ರದವರು. ನಿಜವೇ. ಆದರೆ ವೊಜಿಸ್ಕಿ ಓದಿದ್ದು ಹಾರ್ವರ್ಡಿನಲ್ಲಿ, ಬಟರ್‌ಫೀಲ್ಡ್ ತಮ್ಮ ಎರಡನೇ ಪದವಿ ಪಡೆದದ್ದು ಕೇಂಬ್ರಿಜ್ಜಿನಲ್ಲಿ. ಆ ಹೆಸರುಗಳೇ ಅರ್ಧ ಬಾಗಿಲು ತೆಗೆಯುತ್ತವೆ. ನಿಮ್ಮ ಕಾಲೇಜಿನ ಹೆಸರು ಹಾಗೆ ಬಾಗಿಲು ತೆಗೆಯುವುದಿಲ್ಲ ಎಂದು ನೇರವಾಗಿ ಹೇಳದಿದ್ದರೆ ನಾನು ನಿಮಗೆ ಅನ್ಯಾಯ ಮಾಡಿದಂತೆ. ನೀವು ಮಾಡಿ ತೋರಿಸಿದ ಕೆಲಸವೇ ನಿಮ್ಮ ಪರವಾಗಿ ಮಾತಾಡಬೇಕು.

ಭಾಷೆ ಬಲ್ಲವರು ಮಾಡಬೇಕಾದ ಕೆಲಸ ಈಗ ನಮ್ಮ ಹತ್ತಿರಕ್ಕೇ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕೃಷಿ ಮತ್ತು ಹಣಕಾಸಿನ ವಿಷಯದಲ್ಲಿ ಒಂಬತ್ತು ಭಾಷೆಗಳ ಮಾತನ್ನು ಒಳನುಡಿಗಳ ಸಮೇತ ಸಂಗ್ರಹಿಸಿದೆ, ಕನ್ನಡ ಅದರಲ್ಲೊಂದು. ಅದೇ ಸಂಸ್ಥೆಯವರು ಗೂಗಲ್ ಜೊತೆ ಕೈಜೋಡಿಸಿದ ‘ವಾಣಿ’ ಯೋಜನೆಯ ಗುರಿ ದೇಶದ ಎಲ್ಲ ಜಿಲ್ಲೆಗಳ ಮಾತು. ಕೇಂದ್ರ ಸರ್ಕಾರದ ಭಾಷಾ ಅನುವಾದ ವೇದಿಕೆ ‘ಭಾಷಿಣಿ’ 2022ರಲ್ಲಿ ಶುರುವಾಯಿತು. 1969ರಿಂದ ಮೈಸೂರಿನಲ್ಲಿರುವ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯೂ ಭಾಷಾ ದತ್ತಾಂಶದ ಕೆಲಸ ಮಾಡುತ್ತಿದೆ. ‘ಬರಂಗಿಲ್ಲ’ ಎಂದವರೂ ‘ಬರಲ್ಲ’ ಎಂದವರೂ ಒಂದೇ ಹೇಳುತ್ತಿದ್ದಾರೆ, ‘ಪಡಿತರ ಚೀಟಿ’ ಎಂದು ಬರೆದದ್ದನ್ನು ಜನ ‘ರೇಷನ್ ಕಾರ್ಡು’ ಎಂದೇ ಕೇಳುತ್ತಾರೆ ಎಂದು ಯಂತ್ರಕ್ಕೆ ಕಲಿಸಲು ಊರಿನ ಮಾತು ಗೊತ್ತಿರುವವರು ಬೇಕು. ‘ಎಐ ಬಂದ ಮೇಲೆ ನಮಗೇನು ಉಳಿದಿದೆ ಸರ್’ ಎಂದು ಕೇಳುತ್ತೀರಲ್ಲ, ಎಐ ಬರೆದ ಕನ್ನಡವನ್ನು ಒಮ್ಮೆ ಗಮನವಿಟ್ಟು ಓದಿ. ತಿದ್ದಬೇಕಾದ್ದು ಎಷ್ಟಿದೆ ಎಂದು ನಿಮಗೇ ಕಾಣುತ್ತದೆ.

ಇನ್ನು ಕಲಿಯುವುದು. ಹತ್ತು ಕಲಿಯಲು ಹೋಗಬೇಡಿ. ಪೈಥಾನ್ ಒಂದನ್ನು, ಅದರ ಜೊತೆ ಡೇಟಾಬೇಸಿಗೆ ಬೇಕಾದ ಎಸ್‌ಕ್ಯೂಎಲ್ ಅನ್ನು ಸರಿಯಾಗಿ ಕಲಿಯಿರಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೇ ಪಾಠಗಳಿವೆ, ದುಡ್ಡು ಕೊಡಬೇಕಿಲ್ಲ. ಸ್ವಯಂ ಮತ್ತು ಎನ್‌ಪಿಟಿಇಎಲ್ ಪಾಠಗಳನ್ನು ನೋಡುವುದೂ ಉಚಿತ, ಪ್ರಮಾಣಪತ್ರ ಬೇಕೆಂದವರು ಮಾತ್ರ ಪರೀಕ್ಷೆಯ ಶುಲ್ಕ ಕಟ್ಟಬೇಕು. ಲ್ಯಾಪ್‌ಟಾಪ್ ಇಲ್ಲದವರು ಗೂಗಲ್ ಕೊಲ್ಯಾಬ್ ತೆರೆದು ಮೊಬೈಲ್ ಬ್ರೌಸರಿನಲ್ಲೇ ಪೈಥಾನ್ ಓಡಿಸಬಹುದು. ಶುರುವಿಗೆ ಅಷ್ಟು ಸಾಕು, ಮುಂದಕ್ಕೆ ಕಂಪ್ಯೂಟರ್ ಬೇಕೇ ಬೇಕು.

ಪದವಿಯೇ ಬೇಕೆನ್ನುವವರಿಗೆ ಐಐಟಿ ಮದ್ರಾಸಿನ ಡೇಟಾ ಸೈನ್ಸ್ ಬಿ.ಎಸ್. ಇದೆ. ಅದಕ್ಕೆ ಜೆಇಇ ಬೇಕಿಲ್ಲ. ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಸರಿ, ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿರಬೇಕು. ಕೆಲವು ವಾರಗಳ ಪಾಠ ಮುಗಿಸಿ ಅರ್ಹತಾ ಪರೀಕ್ಷೆ ಪಾಸಾದರೆ ಸೇರಬಹುದು. ಕುಟುಂಬದ ಆದಾಯ, ಪ್ರವರ್ಗ ನೋಡಿ ಶುಲ್ಕದಲ್ಲಿ ರಿಯಾಯಿತಿಯೂ ಇದೆ. ಏಕಕಾಲಕ್ಕೆ ಎರಡು ಪದವಿ ಓದಲು ಯುಜಿಸಿ 2022ರಲ್ಲೇ ಅವಕಾಶ ಕೊಟ್ಟಿರುವುದರಿಂದ ಬಿ.ಎ. ಬಿಡಬೇಕಾಗಿಲ್ಲ. ಆದರೆ ಸುಲಭ ಎಂದುಕೊಳ್ಳಬೇಡಿ, ಅಲ್ಲಿನ ಗಣಿತ, ಸಂಖ್ಯಾಶಾಸ್ತ್ರಕ್ಕೆ ದಿನಾ ಕೂತು ಬೆವರು ಸುರಿಸಬೇಕು. ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿರುವ ಬಿ.ಎ.ಯವರು ಎಂಸಿಎಗೂ ಅರ್ಜಿ ಹಾಕಬಹುದು.

ಇಂಗ್ಲಿಷಿನ ಬಗ್ಗೆ ಸುತ್ತಿ ಬಳಸಿ ಹೇಳುವುದಿಲ್ಲ. ಬೇಕು. ಪಟಪಟ ಮಾತಾಡುವ ಇಂಗ್ಲಿಷ್ ಆಮೇಲೆ ಬಂದರೂ ನಡೆಯುತ್ತದೆ. ಒಂದು ಪುಟದ ತಾಂತ್ರಿಕ ವಿವರಣೆಯನ್ನು ಓದಿ ಅರ್ಥಮಾಡಿಕೊಂಡು, ಐದು ಸಾಲಿನ ಮೇಲ್ ಅನ್ನು ಗೊಂದಲವಿಲ್ಲದೆ ಬರೆಯುವಷ್ಟು ಈಗಲೇ ಬೇಕು. ಓದಿದ್ದನ್ನು ದಿನಾ ಕನ್ನಡದಲ್ಲಿ ನಿಮ್ಮ ಮಾತಿನಲ್ಲಿ ಬರೆದಿಡಿ. ಎರಡೂ ಭಾಷೆ ಒಟ್ಟಿಗೆ ಹದವಾಗುತ್ತವೆ.

ದುಡ್ಡು ಕಟ್ಟಿಸಿಕೊಳ್ಳುವ ಕೋಚಿಂಗ್ ಸೆಂಟರುಗಳ ವಿಷಯದಲ್ಲಿ ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎಂದು ಗೋಡೆಯ ಮೇಲೆ ಬರೆದವರನ್ನು ನಂಬಬೇಡಿ. ನಿಮ್ಮೂರಿನ ಹುಡುಗ ಒಡವೆ ಅಡ ಇಟ್ಟ ದುಡ್ಡಿನಲ್ಲಿ ಬೆಂಗಳೂರಿಗೆ ಬಂದು, ಪಿ.ಜಿ.ಯಲ್ಲಿದ್ದುಕೊಂಡು ಅಂಥ ಸೆಂಟರಿನಲ್ಲಿ ಕಲಿಯುತ್ತಾನೆ. ಕೊನೆಗೆ ಅವರು ‘ಎರಡು ವರ್ಷದ ಅನುಭವ ಇದೆ ಎಂದು ಹಾಕೋಣ, ಸರ್ಟಿಫಿಕೇಟ್ ನಾವು ಕೊಡ್ತೀವಿ’ ಎನ್ನುತ್ತಾರೆ. ಒಪ್ಪಬೇಡಿ. ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡುತ್ತವೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಹೆಸರೂ ಕೆಡುತ್ತದೆ. ಆ ಸೆಂಟರಿನವರು ಆಗ ಫೋನ್ ಎತ್ತುವುದಿಲ್ಲ.

ಮೊದಲ ಕೆಲಸ ಸಾಧಾರಣವಾಗಿಯೇ ಇರುತ್ತದೆ. ಬಿಪಿಒ, ಗ್ರಾಹಕ ಸೇವೆ, ಟೆಸ್ಟಿಂಗ್, ಡೇಟಾ ಅನೊಟೇಶನ್ ಇವುಗಳಲ್ಲಿ ಒಂದು. ಸಂಬಳ ಇಂಜಿನಿಯರಿಂಗ್ ಓದಿದ ಗೆಳೆಯನಿಗಿಂತ ಕಡಿಮೆ. ಒಳಗೆ ಹೋಗಲು ಅದು ಒಳ್ಳೆಯ ದಾರಿಯೇ, ಆದರೆ ಅಲ್ಲೇ ಕೂತುಬಿಟ್ಟವರನ್ನೂ ನೋಡಿದ್ದೇನೆ. ಗ್ರಾಹಕರು ಪದೇ ಪದೇ ಕರೆ ಮಾಡುವುದು ಯಾವ ತೊಂದರೆಗೆ ಎಂದು ಬರೆದಿಟ್ಟುಕೊಂಡು, ತಿಂಗಳ ಕೊನೆಗೆ ಎರಡು ಪುಟದ ವರದಿ ಮಾಡಿ ಮೇಲಿನವರ ಮುಂದಿಡುವವರು ಮುಂದಕ್ಕೆ ಹೋಗುತ್ತಾರೆ. ಓದಿ, ಸಾರ ತೆಗೆದು, ವಾದ ಕಟ್ಟಿ ಬರೆಯುವುದನ್ನು ನಿಮಗೆ ಬಿ.ಎ. ಕಲಿಸಿದೆ. ಅದನ್ನು ಅಲ್ಲಿ ಬಳಸಿ. ಹೆಣ್ಣುಮಕ್ಕಳಿಗೆ ಇನ್ನೂ ಒಂದು ಮಾತು: ಮದುವೆಯ ಮಾತು ಬರುವ ಮೊದಲೇ ಒಂದು ಕೆಲಸ ಹಿಡಿಯಿರಿ. ಸಂಬಳ ಎಷ್ಟೇ ಇರಲಿ, ಅದು ಬರುವ ಖಾತೆ ನಿಮ್ಮ ಹೆಸರಿನಲ್ಲಿರಲಿ.

ಕೆಲಸ ಕೇಳುವಾಗ ತೋರಿಸಲು ನಿಮ್ಮದೇ ಆದ ಒಂದು ಪ್ರಾಜೆಕ್ಟ್ ಇರಬೇಕು. ಕನ್ನಡದವರು ವಿಕಿಸೋರ್ಸಿನಿಂದ ಹಕ್ಕುಸ್ವಾಮ್ಯ ಮುಗಿದ ಒಂದು ಪುಸ್ತಕ ತೆಗೆದುಕೊಂಡು ಮೇಲೆ ಹೇಳಿದ ಪ್ರತ್ಯಯದ ಪ್ರೋಗ್ರಾಂ ಬರೆಯಿರಿ, ಎಲ್ಲೆಲ್ಲಿ ಎಡವಿತು ಎಂದು ಟಿಪ್ಪಣಿ ಮಾಡಿ. ಭೂಗೋಳದವರು ಉಚಿತವಾಗಿ ಸಿಗುವ ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ನಿಮ್ಮ ಹೋಬಳಿಯ ಕೆರೆಗಳ ನಕ್ಷೆ ಮಾಡಿ. ಸರ್ವೆ ನಂಬರು ನೋಡಲು ಸರ್ಕಾರದ ‘ದಿಶಾಂಕ್’ ಆ್ಯಪ್ ಫೋನಿನಲ್ಲೇ ಇದೆ. ದಾಖಲೆಯಲ್ಲಿ ಕೆರೆ ಎಂದಿದ್ದು ಈಗ ಅಲ್ಲಿ ಏನಿದೆ ಎಂದು ಹೋಗಿ ನೋಡಿಬನ್ನಿ. ಅರ್ಥಶಾಸ್ತ್ರದವರು ಎಪಿಎಂಸಿಯ ದರಪಟ್ಟಿ ಹಿಡಿದು ಒಂದು ಬೆಳೆಯ ಒಂದು ವರ್ಷದ ಏರಿಳಿತ ತೋರಿಸಿ. ಇವುಗಳಲ್ಲಿ ಯಾವುದನ್ನೂ ಬೆಂಗಳೂರಿನ ಕೋರ್ಸಿನಲ್ಲಿ ಕೂತವರು ನಿಮ್ಮಷ್ಟು ಚೆನ್ನಾಗಿ ಮಾಡಲಾರರು.

ಇದಕ್ಕೆಲ್ಲ ಕಂಪ್ಯೂಟರ್ ಬೇಕು. ರಾಜ್ಯದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಾನೂರಕ್ಕೂ ಹೆಚ್ಚಿವೆ. ಲ್ಯಾಬ್ ಇದ್ದ ಕಡೆಯೂ ಅದು ಬಿಸಿಎಯವರದು, ಬಿ.ಕಾಂ.ನವರದು ಎಂಬ ರೂಢಿ ಬೆಳೆದುಬಂದಿದೆ. ಬಿ.ಎ.ಯವರು ಕೇಳಿಲ್ಲ, ಹಾಗಾಗಿ ಯಾರೂ ಕೊಟ್ಟಿಲ್ಲ. ನೀವು ಏಳೆಂಟು ಜನ ಸೇರಿ ನಿಮ್ಮ ಪ್ರಾಂಶುಪಾಲರಿಗೆ ಒಂದು ಅರ್ಜಿ ಬರೆಯಿರಿ. ವಾರದಲ್ಲಿ ಎರಡು ದಿನ, ತರಗತಿ ಮುಗಿದ ಮೇಲೆ ಎರಡು ಗಂಟೆ ಲ್ಯಾಬ್ ನಮಗೂ ಬೇಕು ಎಂದು ಕೇಳಿ. ಏನು ಕಲಿಯುತ್ತೀರಿ, ಯಾರು ಜವಾಬ್ದಾರಿ ತೆಗೆದುಕೊಳ್ಳುತ್ತೀರಿ ಎಂಬುದನ್ನೂ ಅದರಲ್ಲಿ ಬರೆಯಿರಿ, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ, ಸ್ವೀಕೃತಿ ಪಡೆದುಕೊಳ್ಳಿ. ಪ್ರಾಂಶುಪಾಲರೇ, ಈ ಪತ್ರ ನಿಮ್ಮ ಕಣ್ಣಿಗೂ ಬಿದ್ದಿದ್ದರೆ, ಆ ಅರ್ಜಿ ಬಂದ ದಿನವೇ ಲ್ಯಾಬಿನ ಬೀಗ ತೆಗೆಸಿಕೊಡಿ.

ಇಂತಿ ನಿಮ್ಮವನೇ ಆದ
ಒಬ್ಬ ಬಿ.ಎ. ಪದವೀಧರ
ಬೆಂಗಳೂರು